ಸುಟ್ಟ ಗಾಯ, ಚರ್ಮ ಕಸಿ, ಚರ್ಮದಾನ: ಹೊಸ ಚರ್ಮ ಹುಟ್ಟುವುದು ಎಲ್ಲಿಂದ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಕಳೆದ ವಾರ ಬೋಂಡ ಕರಿಯುವ ಬಾಣಲೆ ಮಗುಚಿ ಬಿಸಿ ಎಣ್ಣೆ ಅವನ ಬಲ ಮುಂಗೈ ಮೇಲೂ ಎಡ ತೊಡೆ ಮೇಲೂ ಬಿತ್ತು. ತೊಡೆಯ ಗಾಯ ತಾನಾಗಿಯೇ ವಾಸಿಯಾಗುತ್ತದೆ, ಮುಂಗೈಯ ಒಳಭಾಗಕ್ಕೆ ಮಾತ್ರ ಚರ್ಮ ಕಸಿ ಮಾಡಬೇಕು ಅಂತ ಡಾಕ್ಟರ್ ಹೇಳಿದ್ದಾರೆ.

ನಮಗೆ ಅರ್ಥವಾಗದ ವಿಷಯ ಏನೆಂದರೆ, ತೊಡೆ ಗುಳ್ಳೆ ಎದ್ದು ಕೆಂಪಾಗಿ ಸಿಕ್ಕಾಪಟ್ಟೆ ಉರಿಯುತ್ತದೆ, ಡ್ರೆಸಿಂಗ್ ಬಿಚ್ಚಿದರೆ ಅವನು ಕೂಗಿಕೊಳ್ಳುತ್ತಾನೆ. ಮುಂಗೈ ಬಿಳಿಚಿಕೊಂಡು ಗಟ್ಟಿಯಾಗಿದೆ, ಅಲ್ಲಿ ನೋವೇ ಇಲ್ಲ. ನೋವಿಲ್ಲದ ಜಾಗಕ್ಕೆ ಆಪರೇಷನ್, ನೋವಿರುವ ಜಾಗಕ್ಕೆ ಬರೀ ಡ್ರೆಸಿಂಗ್, ಇದು ಉಲ್ಟಾ ಅಲ್ವಾ ಅಂತ ಅಮ್ಮ ಕೇಳುತ್ತಿದ್ದಾರೆ. ಅದೂ ಅಲ್ಲದೆ ಸುಡದೇ ಇರುವ ಬಲ ತೊಡೆಯಿಂದ ಚರ್ಮ ತೆಗೆಯುತ್ತಾರಂತೆ. ಒಂದು ಗಾಯ ಮುಚ್ಚಲು ಇನ್ನೊಂದು ಗಾಯ ಮಾಡಿದರೆ ಆ ತೊಡೆಗೆ ಮತ್ತೆ ಎಲ್ಲಿಂದ ಚರ್ಮ ತರುತ್ತಾರೆ? ತಿಳಿದವರು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅಮ್ಮನಿಗೆ ಓದಿ ಹೇಳುತ್ತೇನೆ.

ವಾರ್ಡ್_ಸಿಸ್ಟರ್

ತಂಗಿ, ನಾನು ಬರ್ನ್ಸ್ ವಾರ್ಡಿನಲ್ಲಿ ಕೆಲಸ ಮಾಡುವವಳು. ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಹೆಚ್ಚುಕಮ್ಮಿ ಎಲ್ಲ ಮನೆಯವರೂ ಇದನ್ನೇ ಕೇಳುತ್ತಾರೆ. ಸ್ವಲ್ಪ ಉದ್ದ ಆಗುತ್ತದೆ, ನಿಧಾನವಾಗಿ ಓದಿ ಹೇಳಿ.

ಚರ್ಮಕ್ಕೆ ಮುಖ್ಯವಾಗಿ ಎರಡು ಪದರ. ಮೇಲಿನದು ಹೊರಚರ್ಮ. ಅದು ತುಂಬ ತೆಳು. ಕಣ್ಣಿನ ರೆಪ್ಪೆಯ ಮೇಲೆ ಸುಮಾರು 0.05 ಮಿಲಿಮೀಟರ್, ಅಂಗಾಲಿನಲ್ಲಿ ಸುಮಾರು 1.5 ಮಿಲಿಮೀಟರ್. ಅದರಲ್ಲಿ ರಕ್ತನಾಳಗಳೇ ಇಲ್ಲ. ಅದರ ತಳದ ಸಾಲಿನಲ್ಲಿರುವ ಜೀವಕೋಶಗಳು ಸದಾ ಒಂದು ಎರಡಾಗುತ್ತಲೇ ಇರುತ್ತವೆ, ಹೊಸದು ಹಳೆಯದನ್ನು ಮೇಲಕ್ಕೆ ತಳ್ಳುತ್ತದೆ, ಮೇಲೆ ಹೋಗುತ್ತ ಹೋಗುತ್ತ ಅವು ಕೆರಾಟಿನ್ ತುಂಬಿಕೊಂಡು ಚಪ್ಪಟೆಯಾಗಿ, ಸತ್ತು, ಕೊನೆಗೆ ಉದುರಿ ಹೋಗುತ್ತವೆ. ತಳದಲ್ಲಿ ಹುಟ್ಟಿ ಮೇಲೆ ಉದುರುವುದಕ್ಕೆ ಹೆಚ್ಚುಕಮ್ಮಿ ಒಂದು ತಿಂಗಳು ಬೇಕು.

ಅದರ ಕೆಳಗಿನದು ಒಳಚರ್ಮ. ಇದು ದಪ್ಪ, ಗಟ್ಟಿ. ಕೊಲಾಜನ್ ಅನ್ನುವ ನಾರು ಇಲ್ಲಿ ಹೆಣೆದುಕೊಂಡಿರುತ್ತದೆ. ರಕ್ತನಾಳ, ನೋವು ತಿಳಿಸುವ ನರಗಳ ತುದಿ, ಕೂದಲ ಬುಡ, ಬೆವರು ಗ್ರಂಥಿ, ಎಣ್ಣೆ ಗ್ರಂಥಿ ಎಲ್ಲವೂ ಇಲ್ಲೇ ಇರುವುದು. ಇದಕ್ಕೂ ಕೆಳಗೆ ಕೊಬ್ಬಿನ ಪದರ.

ಈಗ ಮುಖ್ಯ ವಿಷಯ. ಹೊರಚರ್ಮದ ಜೀವಕೋಶಗಳು ಮೇಲೆ ಮಾತ್ರ ಇರುವುದಿಲ್ಲ. ಪ್ರತಿ ಕೂದಲ ಬುಡದ ಸುತ್ತ, ಪ್ರತಿ ಬೆವರಿನ ನಾಳದ ಒಳಗೋಡೆಯಲ್ಲಿ ಅದೇ ವಂಶದ ಜೀವಕೋಶಗಳು ಒಳಚರ್ಮದ ಆಳದವರೆಗೆ ಇಳಿದಿರುತ್ತವೆ. ಕೆಲವು ಕಡೆ ಕೊಬ್ಬಿನ ಪದರ ಮುಟ್ಟುವಷ್ಟು ಆಳಕ್ಕೆ ಹೋಗಿರುತ್ತವೆ. ಮೇಲ್ಭಾಗ ಸುಟ್ಟುಹೋದರೂ ಇವು ಉಳಿದಿದ್ದರೆ ಅಲ್ಲಿಂದಲೇ ಹೊಸ ಚರ್ಮ ಹೊರಡುತ್ತದೆ. ಪ್ರತಿ ಕೂದಲ ಬುಡದಿಂದಲೂ ಒಂದೊಂದು ಚುಕ್ಕೆ ಎದ್ದು, ಅವು ಅಗಲವಾಗಿ ಒಂದಕ್ಕೊಂದು ಸೇರಿ ಗಾಯ ಮುಚ್ಚುತ್ತದೆ. ಡ್ರೆಸಿಂಗ್ ಬದಲಿಸುವಾಗ ಆ ಚುಕ್ಕೆಗಳು ನಮಗೆ ಕಣ್ಣಿಗೇ ಕಾಣುತ್ತವೆ.

ನಿಮ್ಮ ತಮ್ಮನ ತೊಡೆಯಲ್ಲಿ ಹೊರಚರ್ಮವೂ ಒಳಚರ್ಮದ ಮೇಲ್ಭಾಗವೂ ಸುಟ್ಟಿರಬೇಕು. ನರದ ತುದಿಗಳು ಜೀವಂತ ಇವೆ, ಮೇಲಿನ ಹೊದಿಕೆ ಹೋಗಿದೆ, ಹಾಗಾಗಿ ಗಾಳಿ ತಾಗಿದರೂ ಉರಿ. ನರ ಉಳಿದಿದೆ ಅಂದರೆ ಕೂದಲ ಬುಡವೂ ಉಳಿದಿದೆ ಅಂತ ಲೆಕ್ಕ. ಇಂಥ ಗಾಯ ಸಾಮಾನ್ಯವಾಗಿ ಎರಡು, ಹೆಚ್ಚೆಂದರೆ ಮೂರು ವಾರದಲ್ಲಿ ಮುಚ್ಚುತ್ತದೆ. ಮುಂಗೈಯ ಒಳಭಾಗದ ಚರ್ಮ ಮೊದಲೇ ತೆಳು. ಅಲ್ಲಿ ಎಣ್ಣೆ ಒಳಚರ್ಮವನ್ನು ಪೂರ್ತಿ ಸುಟ್ಟಿದೆ. ನರ ಸತ್ತಿದೆ, ಅದಕ್ಕೇ ನೋವಿಲ್ಲ. ಬುಡಗಳೂ ಸತ್ತಿವೆ, ಅದಕ್ಕೇ ಚರ್ಮ ಹುಟ್ಟಲು ಜಾಗವಿಲ್ಲ. ಬರೀ ಅಂಚಿನಿಂದ ಬೆಳೆದು ಬರಬೇಕು. ಅಷ್ಟು ಅಗಲದ ಗಾಯ ಅಂಚಿನಿಂದ ಮುಚ್ಚುವಷ್ಟರಲ್ಲಿ ಸೋಂಕು ತಗಲುತ್ತದೆ, ಕೈ ಮಡಚಿಕೊಂಡು ಹೋಗುತ್ತದೆ. ಆದ್ದರಿಂದ ಅಮ್ಮನಿಗೆ ಹೇಳಿ: ಸುಟ್ಟ ಜಾಗದಲ್ಲಿ ನೋವಿಲ್ಲ ಅನ್ನುವುದು ಸಮಾಧಾನಪಡುವ ಮಾತಲ್ಲ.

ಇನ್ನು ಬಲ ತೊಡೆ. ಅಲ್ಲಿಂದ ಪೂರ್ತಿ ಚರ್ಮ ಸುಲಿದು ತೆಗೆಯುವುದಿಲ್ಲ. ಹೊರಚರ್ಮ ಮತ್ತು ಅದಕ್ಕೆ ಅಂಟಿದ ಒಳಚರ್ಮದ ಸ್ವಲ್ಪ ಭಾಗ, ಒಟ್ಟು 0.2ರಿಂದ 0.4 ಮಿಲಿಮೀಟರ್ ದಪ್ಪದ ಹಾಳೆ ಮಾತ್ರ ತೆಗೆಯುತ್ತಾರೆ. ಹುಲ್ಲನ್ನು ಮೇಲೆ ಕೊಯ್ದು ಬೇರು ಬಿಟ್ಟರೆ ಮತ್ತೆ ಚಿಗುರುತ್ತದಲ್ಲ, ಅಷ್ಟೇ. ಬುಡಗಳು ತೊಡೆಯಲ್ಲೇ ಉಳಿದಿರುತ್ತವೆ, ಎರಡು ವಾರದೊಳಗೆ ಅದು ಮುಚ್ಚಿಕೊಳ್ಳುತ್ತದೆ. ಬೇರೆ ಚರ್ಮ ತರಬೇಕಾಗಿಲ್ಲ. ದೊಡ್ಡ ಸುಟ್ಟಗಾಯ ಇರುವವರಲ್ಲಿ ಅದೇ ಜಾಗ ವಾಸಿಯಾದ ಮೇಲೆ ಅಲ್ಲಿಂದಲೇ ಮತ್ತೊಮ್ಮೆ ತೆಗೆಯುವುದೂ ಉಂಟು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮೊದಲ ಕೆಲವು ದಿನ ಕಸಿ ಮಾಡಿದ ಕೈಗಿಂತ ಚರ್ಮ ತೆಗೆದ ತೊಡೆಯೇ ಜಾಸ್ತಿ ನೋಯುತ್ತದೆ. ಗಾಬರಿ ಬೀಳಬೇಡಿ.

ತುಂಗಾತೀರ

ಸಿಸ್ಟರ್, ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ನೋವಿಲ್ಲದಿದ್ದರೆ ಒಳ್ಳೇದು ಅಂದುಕೊಂಡಿದ್ದೆವು ಅಂತ ತುಂಬ ಹೊತ್ತು ಸುಮ್ನೆ ಕೂತಿದ್ದರು. ಈಗ ಆಪರೇಷನ್‌ಗೆ ಒಪ್ಪಿದ್ದಾರೆ. ತುಂಬ ಉಪಕಾರವಾಯಿತು.

ವಿಜ್ಞಾನ_ಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವನು. ಒಂಬತ್ತನೇ ತರಗತಿಯಲ್ಲಿ ಅಂಗಾಂಶಗಳ ಪಾಠ ಬರುತ್ತದೆ. ಒಂದೇ ಕೆಲಸಕ್ಕೆ ಒಟ್ಟುಗೂಡಿದ ಜೀವಕೋಶಗಳ ಗುಂಪೇ ಅಂಗಾಂಶ. ಅನುಲೇಪಕ (ಹೊದಿಕೆಯಾಗುವುದು), ಸಂಯೋಜಕ (ಜೋಡಿಸಿ ಹಿಡಿಯುವುದು), ಸ್ನಾಯು, ನರ ಅಂತ ನಾಲ್ಕು ಬಗೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಮರೆಯುತ್ತಾರೆ. ಸಿಸ್ಟರ್ ಬರೆದದ್ದು ಓದಿದ ಮೇಲೆ ಈ ಪಾಠವನ್ನು ಚರ್ಮದಿಂದಲೇ ಶುರು ಮಾಡಬೇಕು ಅನ್ನಿಸಿತು. ಏಕೆಂದರೆ ನಾಲ್ಕೂ ಅಲ್ಲೇ ಇವೆ. ಹೊರಚರ್ಮ ಅನುಲೇಪಕ. ಒಳಚರ್ಮದ ಕೊಲಾಜನ್, ಕೆಳಗಿನ ಕೊಬ್ಬು, ನಾಳದೊಳಗಿನ ರಕ್ತ ಎಲ್ಲವೂ ಸಂಯೋಜಕ. ಚಳಿಗೆ ಮೈ ನವಿರೇಳುವಾಗ ಕೂದಲನ್ನು ಎತ್ತಿ ನಿಲ್ಲಿಸುವ ಪುಟ್ಟ ಸ್ನಾಯು ಪ್ರತಿ ಕೂದಲ ಬುಡಕ್ಕೂ ಇದೆ. ನರವಂತೂ ಇದ್ದೇ ಇದೆ.

ಅಂಗಾಂಶ ಅನ್ನುವ ವಿಚಾರವನ್ನು ಗಟ್ಟಿಯಾಗಿ ನಿಲ್ಲಿಸಿದವನು ಫ್ರಾನ್ಸಿನ ಝೇವಿಯರ್ ಬಿಶಾ. 1800ರ ಹೊತ್ತಿಗೆ, ಸೂಕ್ಷ್ಮದರ್ಶಕವನ್ನು ನೆಚ್ಚಿಕೊಳ್ಳದೆ, ಹೆಣಗಳನ್ನು ಕೊಯ್ದು, ಬೇಯಿಸಿ, ಒಣಗಿಸಿ, ಆಮ್ಲದಲ್ಲಿ ಹಾಕಿ ನೋಡಿ 21 ಬಗೆಯ ಅಂಗಾಂಶ ಗುರುತಿಸಿದ. ಕಾಯಿಲೆ ಬರುವುದು ಇಡೀ ಅಂಗಕ್ಕಲ್ಲ, ಅದರೊಳಗಿನ ಯಾವುದೋ ಒಂದು ಅಂಗಾಂಶಕ್ಕೆ ಅನ್ನುವುದು ಅವನ ವಾದ. 1802ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ಮೂವತ್ತು.

ಇದನ್ನು ಏಕೆ ಹೇಳಿದೆ ಅಂದರೆ, ವಾಸಿಯಾಗುವ ಶಕ್ತಿಯೂ ಅಂಗಾಂಶದಿಂದ ಅಂಗಾಂಶಕ್ಕೆ ಬೇರೆ. ಹೊರಚರ್ಮ ಹೋದರೆ ಅದೇ ಹೊರಚರ್ಮ ಮತ್ತೆ ಬರುತ್ತದೆ, ಕಲೆ ಉಳಿಯುವುದಿಲ್ಲ. ಒಳಚರ್ಮ ಆಳವಾಗಿ ಹೋದರೆ ಅದೇ ಹೆಣಿಗೆ ವಾಪಸ್ ಬರುವುದಿಲ್ಲ, ಕೊಲಾಜನ್ ಒಂದೇ ದಿಕ್ಕಿಗೆ ಸಾಲುಗಟ್ಟಿ ಗಾಯದ ಗುರುತಾಗಿ ಕೂರುತ್ತದೆ. ಪೂರ್ತಿ ಮಾಗಿದ ಮೇಲೂ ಅದರ ಬಲ ಮೊದಲಿನ ಚರ್ಮದ ಸುಮಾರು 80% ಮಾತ್ರ. ಕಿವಿಯ ಮೃದ್ವಸ್ಥಿಗೆ, ಅಂದರೆ ಒಳಗಿನ ಮೆತ್ತನೆಯ ಎಲುಬಿಗೆ, ರಕ್ತನಾಳವೇ ಇಲ್ಲ, ಮೇಲಿನ ಚರ್ಮದಿಂದಲೇ ಅದಕ್ಕೆ ಆಹಾರ. ಹಾಗಾಗಿ ಕಿವಿ ಸುಟ್ಟರೆ ಚಿಕ್ಕ ಗಾಯವೂ ದೊಡ್ಡ ತೊಂದರೆ. ಅಲ್ವಾ ಸಿಸ್ಟರ್?

ವಾರ್ಡ್_ಸಿಸ್ಟರ್

ಹೌದು ಮೇಷ್ಟ್ರೇ. ಕಿವಿ ಸುಟ್ಟವರಿಗೆ ದಿಂಬನ್ನೂ ಕೊಡುವುದಿಲ್ಲ, ಕಿವಿ ಒತ್ತಬಾರದು ಅಂತ.

ಕೋಲಾರದ_ಗೃಹಿಣಿ

ನನ್ನದೊಂದು ಪ್ರಶ್ನೆ. ನಮ್ಮ ಕಡೆ ಕೈ ಸುಟ್ಟರೆ ಟೂತ್‌ಪೇಸ್ಟ್ ಹಚ್ಚುತ್ತಾರೆ. ಕೆಲವರು ಅರಿಶಿನ, ಕೆಲವರು ಇಂಕು, ದೋಸೆ ಹಿಟ್ಟು. ತಣ್ಣಗೆ ಅನ್ನಿಸುವುದಂತೂ ನಿಜ. ಇದರಲ್ಲಿ ಯಾವುದು ಸರಿ?

ವಾರ್ಡ್_ಸಿಸ್ಟರ್

ಯಾವುದೂ ಬೇಡ. ನೀರು. ನಲ್ಲಿ ಕೆಳಗೆ, ಹರಿಯುವ ಮಾಮೂಲಿ ತಣ್ಣೀರು, 20 ನಿಮಿಷ. ಐಸ್ ಬೇಡ. ಐಸ್ ಇಟ್ಟರೆ ರಕ್ತನಾಳ ಮುದುಡಿಕೊಂಡು ಗಾಯ ಇನ್ನೂ ಆಳವಾಗುತ್ತದೆ. ಎರಡು ನಿಮಿಷ ಹಿಡಿದು ಸಾಕು ಅನ್ನಬೇಡಿ. ಸುಟ್ಟ ತಕ್ಷಣ ಮಾಡಿದರೆ ಅತ್ಯುತ್ತಮ, ಆದರೆ ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನ ಇದೆ.

ಕಾರಣ ತಿಳಿದರೆ ನೀವು ಇದನ್ನು ಬಿಡುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಡಗ್ಲಸ್ ಜಾಕ್ಸನ್ ಅನ್ನುವ ಸರ್ಜನ್ 1953ರ ಲೇಖನದಲ್ಲಿ ಸುಟ್ಟ ಗಾಯವನ್ನು ಮೂರು ವಲಯವಾಗಿ ವಿವರಿಸಿದರು. ನಡುವೆ ಸತ್ತೇ ಹೋದ ಭಾಗ. ಹೊರಗೆ ಬರೀ ಕೆಂಪಾದ ಭಾಗ, ಅದು ಹೇಗೂ ಬದುಕುತ್ತದೆ. ಇವೆರಡರ ಮಧ್ಯೆ ಒಂದು ವಲಯ ಇದೆ. ಅಲ್ಲಿ ಜೀವಕೋಶ ಇನ್ನೂ ಸತ್ತಿಲ್ಲ, ಆದರೆ ರಕ್ತ ಸಂಚಾರ ನಿಂತುಹೋಗುವ ಹಂತದಲ್ಲಿದೆ. ಒಂದೆರಡು ದಿನದಲ್ಲಿ ಅದು ಬದುಕಲೂಬಹುದು, ಸಾಯಲೂಬಹುದು. ಈ ಮಧ್ಯದ ವಲಯ ಗಾಯದ ತಳದಲ್ಲೂ ಇರುತ್ತದೆ. ನಾನು ಮೇಲೆ ಹೇಳಿದ ಕೂದಲ ಬುಡಗಳು ಎಷ್ಟೋ ಸಲ ಇರುವುದು ಇದೇ ಭಾಗದಲ್ಲಿ. ನೀರು ಹಾಕಿ ಒಳಗಿನ ಬಿಸಿ ಇಳಿಸಿದರೆ ಅವು ಉಳಿಯುತ್ತವೆ, ಗಾಯ ತಾನೇ ಮುಚ್ಚುತ್ತದೆ. ಪೇಸ್ಟು ಮೆತ್ತಿ ಬಿಸಿಯನ್ನು ಒಳಗೇ ಹಿಡಿದಿಟ್ಟರೆ ಅಥವಾ ಆಮೇಲೆ ಸೋಂಕು ಆದರೆ ಅವು ಸಾಯುತ್ತವೆ, ಕಸಿ ಬೇಕಾಗುತ್ತದೆ. ಆಪರೇಷನ್ ಬೇಕೋ ಬೇಡವೋ ಅನ್ನುವುದು ಎಷ್ಟೋ ಸಲ ಮನೆಯ ನಲ್ಲಿಯ ಹತ್ತಿರವೇ ತೀರ್ಮಾನವಾಗುತ್ತದೆ. ಇದನ್ನು ನಾನು ಎಷ್ಟು ಜನರಿಗೆ ಹೇಳಿದರೂ ಸಾಲದು.

ಇನ್ನೊಂದು, ಇಂಕು ಅರಿಶಿನ ಹಚ್ಚಿ ಬಂದರೆ ಗಾಯದ ಬಣ್ಣ ನಮಗೆ ಕಾಣುವುದಿಲ್ಲ. ಆಳ ಎಷ್ಟು ಅಂತ ಡಾಕ್ಟರ್ ನೋಡುವುದು ಬಣ್ಣದಿಂದ, ಒತ್ತಿದರೆ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತದೋ ಅನ್ನುವುದರಿಂದ. ಅದನ್ನು ತೊಳೆಯುವಾಗ ರೋಗಿಗೆ ಆಗುವ ನೋವು ಬೇರೆ.

ಬಳೆ, ಉಂಗುರ, ವಾಚು ತಕ್ಷಣ ತೆಗೆಯಿರಿ, ಆಮೇಲೆ ಊದಿಕೊಳ್ಳುತ್ತದೆ. ನೈಲಾನ್ ಸೀರೆ ಕರಗಿ ಮೈಗೆ ಅಂಟಿದ್ದರೆ ಕೀಳಬೇಡಿ, ಅದರ ಮೇಲೇ ನೀರು ಹಾಕಿ. ಗುಳ್ಳೆ ಒಡೆಯಬೇಡಿ. ಶುಭ್ರವಾದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಬನ್ನಿ. ಚಿಕ್ಕ ಮಕ್ಕಳಿಗೆ ಸುಟ್ಟ ಜಾಗಕ್ಕೆ ಮಾತ್ರ ನೀರು ಹಾಕಿ, ಉಳಿದ ಮೈ ಬೆಚ್ಚಗೆ ಇಡಿ.

ಮನೆಮದ್ದು_ಅಭಿಮಾನಿ

ಸಿಸ್ಟರ್ ಮೇಲೆ ಗೌರವ ಇದೆ, ಆದರೂ ಒಂದು ಮಾತು. ನಮ್ಮಜ್ಜಿ ಲೋಳೆಸರ, ಜೇನುತುಪ್ಪ ಹಚ್ಚಿ ಎಷ್ಟೋ ಜನರ ಸುಟ್ಟಗಾಯ ಕಲೆ ಇಲ್ಲದೆ ವಾಸಿ ಮಾಡಿದ್ದನ್ನು ನಾನೇ ನೋಡಿದ್ದೇನೆ. ಎಲ್ಲವನ್ನೂ ಮೂಢನಂಬಿಕೆ ಅನ್ನುವುದು ಸರಿಯಲ್ಲ.

ವಾರ್ಡ್_ಸಿಸ್ಟರ್

ಅಣ್ಣ, ಮೂಢನಂಬಿಕೆ ಅಂತ ನಾನು ಹೇಳಲಿಲ್ಲ. ಜೇನುತುಪ್ಪದಲ್ಲಿ ಕ್ರಿಮಿ ಬೆಳೆಯುವುದು ಕಷ್ಟ, ಅದನ್ನು ಶುದ್ಧಗೊಳಿಸಿ ಗಾಯಕ್ಕೆ ಬಳಸುವ ಡ್ರೆಸಿಂಗ್ ಆಸ್ಪತ್ರೆಗಳಲ್ಲೂ ಇದೆ. ಬಿಸಿಲಿಗೆ ಕೆಂಪಾದ ಮೈಗೆ ಲೋಳೆಸರ ಹಿತ ಕೊಡುತ್ತದೆ. ನಮ್ಮ ದೇಶದ ಬರ್ನ್ಸ್ ವಾರ್ಡುಗಳಲ್ಲಿ ಬಾಳೆ ಎಲೆಯನ್ನು ಶುದ್ಧಗೊಳಿಸಿ ಡ್ರೆಸಿಂಗ್ ಮಾಡುವ ಪದ್ಧತಿಯೂ ಬೆಳೆದಿದೆ. ಎಲೆಯ ಮೇಲ್ಮೈಯಲ್ಲಿ ಮೇಣ ಇರುವುದರಿಂದ ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ಹೊಸ ಚರ್ಮ ಕಿತ್ತು ಬರುವುದಿಲ್ಲ, ರೋಗಿ ಕೂಗುವುದಿಲ್ಲ. ನನಗೆ ಇದು ತುಂಬ ಇಷ್ಟವಾದ ಸಂಗತಿ.

ಆದರೆ ಅಜ್ಜಿ ವಾಸಿ ಮಾಡಿದ ಗಾಯಗಳು ಯಾವ ಆಳದವು ಅಂತ ಯೋಚಿಸಿ. ಬುಡಗಳು ಉಳಿದಿದ್ದ ಗಾಯ ಏನು ಹಚ್ಚಿದರೂ, ಏನೂ ಹಚ್ಚದಿದ್ದರೂ, ಸೋಂಕಾಗದಿದ್ದರೆ ವಾಸಿಯಾಗುತ್ತದೆ. ಬುಡ ಹೋದ ಗಾಯಕ್ಕೆ ಯಾವ ಮುಲಾಮು ಹಚ್ಚಿದರೂ ಬುಡ ಹುಟ್ಟುವುದಿಲ್ಲ. ಆಸ್ಪತ್ರೆಯಲ್ಲಿ ಕೊಡುವ ಬಿಳಿ ಮುಲಾಮಿಗೂ ಇದೇ ಮಾತು ಅನ್ವಯಿಸುತ್ತದೆ, ಅದು ಕ್ರಿಮಿ ತಡೆಯುತ್ತದೆ ಅಷ್ಟೇ. ಗಾಯ ರೋಗಿಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು, ಗುಪ್ತಾಂಗದಲ್ಲಿದ್ದರೆ, ಕರೆಂಟು ಅಥವಾ ಆಸಿಡ್ಡಿನಿಂದ ಆಗಿದ್ದರೆ, ಮಗು ಅಥವಾ ವಯಸ್ಸಾದವರಾಗಿದ್ದರೆ ಮನೆಯಲ್ಲಿ ನೋಡೋಣ ಅನ್ನಬೇಡಿ. ಸಕ್ಕರೆ ಕಾಯಿಲೆಯವರೂ ಅಷ್ಟೇ. ಅವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ, ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿ ಬೆಳಗ್ಗೆ ಗುಳ್ಳೆ ನೋಡಿಯೇ ಗೊತ್ತಾಗುವುದು.

ಕಂಬದ_ಮೇಲಿನವ

ಲೈನ್‌ಮ್ಯಾನ್ ಆಗಿದ್ದೇನೆ. ಕರೆಂಟಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಜೊತೆಯವನಿಗೆ ಹೈಟೆನ್ಷನ್ ಲೈನ್ ತಗುಲಿದಾಗ ಅಂಗೈಯಲ್ಲಿ ಒಂದು ಸಣ್ಣ ಕಪ್ಪು ಗುರುತು, ಪಾದದಲ್ಲಿ ಒಂದು. ಅಷ್ಟೇ. ಮಾತಾಡುತ್ತಲೇ ಇದ್ದ. ಏನೂ ಆಗಿಲ್ಲ ಬಿಡು ಅಂದರು. ಆಸ್ಪತ್ರೆಗೆ ಹೋದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ಬಂತು, ಕಿಡ್ನಿ ಉಳಿಸಿಕೊಳ್ಳುವುದೇ ದೊಡ್ಡದಾಯಿತು. ಇಷ್ಟು ಸಣ್ಣ ಗಾಯಕ್ಕೆ ಕಿಡ್ನಿ ಯಾಕೆ ಹೋಗುತ್ತದೆ ಅಂತ ನಮಗೆ ಆವತ್ತು ಯಾರೂ ಹೇಳಲಿಲ್ಲ.

ವಾರ್ಡ್_ಸಿಸ್ಟರ್

ಬಿಸಿನೀರು, ಎಣ್ಣೆ, ಬೆಂಕಿ ಹೊರಗಿನಿಂದ ಒಳಗೆ ಸುಡುತ್ತವೆ. ಕರೆಂಟು ಹಾಗಲ್ಲ. ಒಂದು ಕಡೆ ಹೊಕ್ಕು ಮೈಯೊಳಗೆ ಹರಿದು ಇನ್ನೊಂದು ಕಡೆ ಹೊರಡುತ್ತದೆ, ಹೋಗುವ ದಾರಿಯಲ್ಲೆಲ್ಲ ಬಿಸಿ ಹುಟ್ಟುತ್ತದೆ. ಮೂಳೆ ಕರೆಂಟಿಗೆ ಜಾಸ್ತಿ ತಡೆ ಒಡ್ಡುವುದರಿಂದ ತುಂಬ ಕಾಯುತ್ತದೆ, ಅದಕ್ಕೆ ಅಂಟಿದ ಸ್ನಾಯು ಒಳಗಿನಿಂದಲೇ ಬೇಯುತ್ತದೆ. ಮೇಲೆ ಚರ್ಮ ಚೆನ್ನಾಗೇ ಕಾಣುತ್ತಿರುತ್ತದೆ. ಸತ್ತ ಸ್ನಾಯುವಿನಿಂದ ಮಯೋಗ್ಲೋಬಿನ್ ಅನ್ನುವ ಕೆಂಪು ವಸ್ತು ರಕ್ತಕ್ಕೆ ಬಂದು ಕಿಡ್ನಿಯ ಸೂಕ್ಷ್ಮ ನಾಳಗಳಿಗೆ ಹಾನಿ ಮಾಡುತ್ತದೆ. ಮೂತ್ರದ ಬಣ್ಣ ಬದಲಾಗುವುದು ಅದರಿಂದಲೇ. ಆದ್ದರಿಂದ ಅಣ್ಣ, ನಿಮ್ಮ ಜೊತೆಯವರಿಗೆಲ್ಲ ಹೇಳಿ, ಹೈಟೆನ್ಷನ್ ತಗುಲಿದರೆ ಗುರುತು ಎಷ್ಟೇ ಸಣ್ಣದಿರಲಿ ಆಸ್ಪತ್ರೆಗೆ ಹೋಗಲೇಬೇಕು, ಇಸಿಜಿ ಮಾಡಿಸಲೇಬೇಕು. ಹೃದಯದ ಬಡಿತ ಆಮೇಲೂ ತಪ್ಪಬಹುದು.

ತುಂಗಾತೀರ

ಸಿಸ್ಟರ್, ಇನ್ನೊಂದು ಕೇಳಲಾ? ತಮ್ಮನ ತೊಡೆ ಎರಡೂ ಕಡೆ ನೋಯುವುದು ಬೇಡ ಅಂತ ನಾನೇ ನನ್ನ ಚರ್ಮ ಕೊಡುತ್ತೇನೆ ಅಂದೆ. ಒಡಹುಟ್ಟಿದವಳು, ರಕ್ತದ ಗುಂಪೂ ಒಂದೇ. ಆದರೂ ಆಗಲ್ಲ ಅಂದರು. ಕಿಡ್ನಿ ಕೊಡಬಹುದಂತೆ, ಚರ್ಮ ಯಾಕೆ ಆಗಲ್ಲ?

ವಿಜ್ಞಾನ_ಮೇಷ್ಟ್ರು

ಇದಕ್ಕೆ ನಾನು ಹೇಳುತ್ತೇನಮ್ಮಾ, ನನಗೆ ತುಂಬ ಪ್ರಿಯವಾದ ಕಥೆ ಇದು. ಎರಡನೇ ಮಹಾಯುದ್ಧದ ಸಮಯ. ಬ್ರಿಟನ್ನಿನ ಪೀಟರ್ ಮೆಡವಾರ್ ಅನ್ನುವ ಪ್ರಾಣಿಶಾಸ್ತ್ರಜ್ಞ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಟಾಮ್ ಗಿಬ್ಸನ್ ಅನ್ನುವ ಸರ್ಜನ್ ಜೊತೆ ಸೇರಿ ಸುಟ್ಟಗಾಯದ ಒಬ್ಬ ಮಹಿಳೆಗೆ ಅವಳ ಅಣ್ಣನೋ ತಮ್ಮನೋ, ಅಂತೂ ಒಡಹುಟ್ಟಿದವನ ಚರ್ಮದ ಸಣ್ಣ ತುಂಡುಗಳನ್ನು ಕಸಿ ಮಾಡಿಸಿದ. ಮೊದಲು ಅವು ಹಿಡಿದುಕೊಂಡವು. ಆಮೇಲೆ ಸತ್ತವು. ಅದೇ ವ್ಯಕ್ತಿಯ ಚರ್ಮವನ್ನು ಎರಡನೇ ಸಲ ಹಾಕಿದಾಗ ಇನ್ನೂ ಬೇಗ ಸತ್ತವು. ಅಂದರೆ ದೇಹ ಆ ಚರ್ಮವನ್ನು ನೆನಪಿಟ್ಟುಕೊಂಡಿತ್ತು. ಸೋಂಕನ್ನು ಎದುರಿಸುವ ರೋಗನಿರೋಧಕ ವ್ಯವಸ್ಥೆಯೇ ಪರರ ಚರ್ಮವನ್ನೂ ಓಡಿಸುತ್ತದೆ ಅನ್ನುವುದಕ್ಕೆ 1943ರಲ್ಲಿ ಬಂದ ಅವರ ಲೇಖನ ದೊಡ್ಡ ಆಧಾರವಾಯಿತು. ಮೆಡವಾರ್‌ಗೆ 1960ರಲ್ಲಿ ನೊಬೆಲ್ ಬಂತು. ಈವತ್ತಿನ ಕಿಡ್ನಿ, ಲಿವರ್ ಕಸಿಯ ವಿಜ್ಞಾನಕ್ಕೆ ಬುನಾದಿ ಬಿದ್ದದ್ದರಲ್ಲಿ ಆ ಸುಟ್ಟಗಾಯದ ವಾರ್ಡಿನ ಪಾಲು ದೊಡ್ಡದು.

ಚರ್ಮ ಇದರಲ್ಲಿ ಬಹಳ ಕಟ್ಟುನಿಟ್ಟು. ಹೊರಚರ್ಮದಲ್ಲಿ ಲ್ಯಾಂಗರ್‌ಹಾನ್ಸ್ ಜೀವಕೋಶಗಳು ಅಂತ ಇವೆ. 1868ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಅವನ್ನು ಕಂಡುಹಿಡಿದು, ಕವಲು ಕವಲಾಗಿವೆ ಅಂತ ನರಕೋಶ ಅಂದುಕೊಂಡಿದ್ದ. ಅವು ಕಾವಲು ಕಾಯುವ ಜೀವಕೋಶ ಅಂತ ತಿಳಿದದ್ದು ನೂರು ವರ್ಷದ ಮೇಲೆ. ಹೊರಗಿನ ವಸ್ತು ಸಿಕ್ಕರೆ ಹಿಡಿದು ದುಗ್ಧಗ್ರಂಥಿಗೆ (ರೋಗನಿರೋಧಕ ಜೀವಕೋಶಗಳು ಸೇರುವ ಲಿಂಫ್ ಗ್ರಂಥಿಗೆ) ಒಯ್ದು ತೋರಿಸುವುದೇ ಇವುಗಳ ಕೆಲಸ. ಕಸಿ ಮಾಡಿದ ಚರ್ಮದಲ್ಲೂ ಇವು ಇರುತ್ತವೆ. ಕಿಡ್ನಿಗೆ ಜೀವನಪೂರ್ತಿ ಔಷಧಿ ತಿಂದು ಪ್ರತಿರೋಧ ತಗ್ಗಿಸುತ್ತಾರೆ. ಸುಟ್ಟಗಾಯದವರಿಗೆ ಆ ಔಷಧಿ ಕೊಟ್ಟರೆ ಸೋಂಕು ಹೊತ್ತೊಯ್ಯುತ್ತದೆ. ತದ್ರೂಪಿ ಅವಳಿಗಳಾದರೆ ಮಾತ್ರ ಚರ್ಮ ಶಾಶ್ವತವಾಗಿ ನಿಲ್ಲುತ್ತದೆ.

ಇತಿಹಾಸ_ಪ್ರಿಯ

ಚರ್ಮ ಕಸಿಯ ಮಾತು ಬಂದಾಗ ನಮ್ಮ ಶ್ರೀರಂಗಪಟ್ಟಣದ ಯುದ್ಧ ನೆನಪಿಸದೆ ಇರಲಾರೆ. ಇಂಗ್ಲಿಷ್ ಸೈನ್ಯದಲ್ಲಿ ಎತ್ತಿನಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಅನ್ನುವವನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕಸುಬುದಾರ ಅವನಿಗೆ ಹೊಸ ಮೂಗು ಮಾಡಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿ ಹಣೆಯ ಮೇಲಿಟ್ಟು ಗುರುತು ಹಾಕಿ, ಅಷ್ಟು ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆ ಉಳಿಸಿಕೊಂಡು, ತಿರುಗಿಸಿ ಕೆಳಗೆ ಕೂರಿಸಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಝೀನ್ ಇದನ್ನು ಚಿತ್ರದ ಸಮೇತ ಅಚ್ಚು ಹಾಕಿತು. ಅದನ್ನು ನೋಡಿ ಲಂಡನ್ನಿನ ಜೋಸೆಫ್ ಕಾರ್ಪ್ಯು 1814ರಲ್ಲಿ ಅದೇ ರೀತಿ ಶಸ್ತ್ರಚಿಕಿತ್ಸೆ ಮಾಡಿದ. ಯೂರೋಪಿನಲ್ಲಿ ಈ ವಿದ್ಯೆ ಹೊಸದಾಗಿ ಚಿಗುರಿದ್ದು ಆ ಇಟ್ಟಿಗೆಯವನ ಕೈಯಿಂದ. ಅವನ ಹೆಸರು ಆ ಪತ್ರಿಕೆಯಲ್ಲಿ ಇಲ್ಲ ಅನ್ನುವುದು ನನಗೆ ಇಂದಿಗೂ ನೋವಿನ ಸಂಗತಿ.

ವಾರ್ಡ್_ಸಿಸ್ಟರ್

ಒಳ್ಳೆಯ ಮಾತು ನೆನಪಿಸಿದಿರಿ. ಹುಬ್ಬಿನ ನಡುವೆ ಎಳೆ ಉಳಿಸಿದ್ದು ಏಕೆ ಅಂದರೆ ಅದರೊಳಗಿನ ರಕ್ತನಾಳಕ್ಕಾಗಿ. ನಾವು ಅದನ್ನು ಫ್ಲಾಪ್ ಅನ್ನುತ್ತೇವೆ, ಅದು ತನ್ನ ರಕ್ತವನ್ನು ತಾನೇ ತರುತ್ತದೆ. ತುಂಗಾತೀರ ಅವರ ತಮ್ಮನಿಗೆ ಮಾಡುವುದು ಗ್ರಾಫ್ಟ್. ಅದಕ್ಕೆ ಸ್ವಂತ ರಕ್ತ ಇರುವುದಿಲ್ಲ. ಮೊದಲ ಒಂದೆರಡು ದಿನ ಕೆಳಗಿನ ಗಾಯದಿಂದ ಜಿನುಗುವ ನೀರನ್ನೇ ಹೀರಿಕೊಂಡು ಬದುಕಬೇಕು. ಆಮೇಲೆ ಕೆಳಗಿನ ನಾಳಗಳು ಅದರ ನಾಳಗಳಿಗೆ ಸೇರಿಕೊಳ್ಳುತ್ತವೆ. ಐದನೇ ದಿನದ ಹೊತ್ತಿಗೆ ಗುಲಾಬಿ ಬಣ್ಣಕ್ಕೆ ತಿರುಗಿದರೆ ಹಿಡಿಯಿತು ಅಂತ. ಅಷ್ಟರೊಳಗೆ ಕೈ ಅಲುಗಾಡಿದರೆ ಅಥವಾ ಕೆಳಗೆ ರಕ್ತ ನಿಂತರೆ ಹೋಯಿತು. ಅದಕ್ಕೇ ಕೈಗೆ ಪಟ್ಟಿ ಕಟ್ಟಿ ಅಲ್ಲಾಡಿಸಬೇಡ ಅನ್ನುವುದು. ಮೂಳೆ, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ನಾರು) ಬರಿದಾಗಿ ಕಾಣುವಷ್ಟು ಆಳದ ಗಾಯದಲ್ಲಿ ಗ್ರಾಫ್ಟ್ ನಿಲ್ಲುವುದಿಲ್ಲ, ಅಲ್ಲಿ ಫ್ಲಾಪೇ ಬೇಕು.

ಹಾಸನ_ರವಿಕಿರಣ

ಹಾಗಾದರೆ ಮೈ ಅರ್ಧಕ್ಕಿಂತ ಜಾಸ್ತಿ ಸುಟ್ಟವರಿಗೆ ಚರ್ಮ ಎಲ್ಲಿಂದ? ಬೇರೆಯವರದ್ದು ನಿಲ್ಲುವುದಿಲ್ಲ, ಅವರದ್ದು ಉಳಿದಿಲ್ಲ. ಚರ್ಮದಾನ ಅಂತ ಕೇಳಿದ್ದೇನೆ, ನಿಲ್ಲುವುದೇ ಇಲ್ಲ ಅಂದಮೇಲೆ ಅದರಿಂದ ಏನು ಪ್ರಯೋಜನ?

ವಾರ್ಡ್_ಸಿಸ್ಟರ್

ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ.

ದೊಡ್ಡ ಸುಟ್ಟಗಾಯದವರು ಸಾಯುವುದು ಬರೀ ಗಾಯದಿಂದ ಅಲ್ಲ. ಮೊದಲು ನೀರು ಹೋಗಿ, ಆಮೇಲೆ ಸೋಂಕು ಬಂದು. ಹೊರಚರ್ಮದ ಮೇಲ್ಗಡೆ ಸತ್ತ ಜೀವಕೋಶಗಳ ಹೊದಿಕೆ ಇದೆಯಲ್ಲ, ಮೈಯ ಹೆಚ್ಚಿನ ಕಡೆ ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಮಾತ್ರ. ಒಳಗಿನ ನೀರನ್ನು ಒಳಗೆ, ಹೊರಗಿನ ಕ್ರಿಮಿಯನ್ನು ಹೊರಗೆ ಇಡುವುದು ಮುಖ್ಯವಾಗಿ ಅದೇ. ದೊಡ್ಡವರ ಮೈಯಲ್ಲಿ 1.5ರಿಂದ 2 ಚದರ ಮೀಟರ್ ಚರ್ಮ ಇರುತ್ತದೆ. ಅದರಲ್ಲಿ 30% ಹೋಯಿತು ಅಂದುಕೊಳ್ಳಿ. 60 ಕೆಜಿ ತೂಕದವರಿಗೆ ಪಾರ್ಕ್‌ಲ್ಯಾಂಡ್ ಸೂತ್ರದ (4 ಗುಣಿಸು ತೂಕ ಗುಣಿಸು ಸುಟ್ಟ ಭಾಗದ ಶೇಕಡಾವಾರು) ಪ್ರಕಾರ ಮೊದಲ 24 ಗಂಟೆಯಲ್ಲಿ 4 ಗುಣಿಸು 60 ಗುಣಿಸು 30, ಅಂದರೆ 7,200 ಮಿಲಿಲೀಟರ್ ಡ್ರಿಪ್ ಬೇಕು. ಅದರಲ್ಲಿ ಅರ್ಧ ಸುಟ್ಟ ಹೊತ್ತಿನಿಂದ ಎಂಟು ಗಂಟೆಯೊಳಗೆ. ಇದು ಆರಂಭದ ಅಂದಾಜು, ಆಮೇಲೆ ಮೂತ್ರ ನೋಡಿಕೊಂಡು ಹೆಚ್ಚುಕಮ್ಮಿ ಮಾಡುತ್ತೇವೆ.

ದಾನವಾಗಿ ಬಂದ ಚರ್ಮ ಮಾಡುವುದು ಈ ಹೊದಿಕೆಯ ಕೆಲಸ. ಎರಡು ಮೂರು ವಾರ ಗಾಯ ಮುಚ್ಚಿಡುತ್ತದೆ. ನೀರು ಹೋಗುವುದು, ನೋವು, ಸೋಂಕು ಎಲ್ಲ ತಗ್ಗುತ್ತದೆ. ಅಷ್ಟರಲ್ಲಿ ರೋಗಿ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ, ಅವರದೇ ಚರ್ಮ ಸ್ವಲ್ಪ ಸ್ವಲ್ಪ ತೆಗೆದು, ಬಲೆಯ ಹಾಗೆ ತೂತು ಮಾಡಿ ಹಿಗ್ಗಿಸಿ ಹಾಕಲು ಸಮಯ ಸಿಗುತ್ತದೆ. ಆಮೇಲೆ ದಾನದ ಚರ್ಮ ಉದುರಿದರೆ ಉದುರಲಿ. ಗ್ಲಿಸರಾಲಿನಲ್ಲಿ ಇಟ್ಟ ಚರ್ಮಕ್ಕೆ ರಕ್ತದ ಗುಂಪು ಹೊಂದಿಸುವ ತಾಪತ್ರಯ ಇಲ್ಲ. 4 ಡಿಗ್ರಿಯಲ್ಲಿ ಐದು ವರ್ಷದವರೆಗೆ ಇಡಬಹುದು.

ಪ್ರಯೋಗಾಲಯದಲ್ಲಿ ಬೆಳೆಸುವ ದಾರಿಯೂ ಇದೆ. ಅಮೆರಿಕದಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ 1975ರಲ್ಲಿ ಹೊರಚರ್ಮದ ಜೀವಕೋಶ ಬೆಳೆಸುವ ವಿಧಾನ ಕಂಡುಹಿಡಿದರು. 1983ರಲ್ಲಿ ಮೈಯ 95%ಗಿಂತ ಹೆಚ್ಚು ಸುಟ್ಟಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರನ್ನು ಬಾಸ್ಟನ್ನಿನಲ್ಲಿ ಹೀಗೆ ಬೆಳೆಸಿದ ಚರ್ಮದಿಂದ ಬದುಕಿಸಿದರು. ಆದರೆ ಅದಕ್ಕೆ ವಾರಗಟ್ಟಲೆ ಸಮಯ, ತುಂಬ ದುಡ್ಡು ಬೇಕು. ಒಳಚರ್ಮ ಅದರಲ್ಲಿ ಇರುವುದಿಲ್ಲ, ಹಾಗಾಗಿ ಬೇಗ ಕಿತ್ತು ಬರುತ್ತದೆ. ನಮ್ಮ ವಾರ್ಡಿಗೆ ಬರುವ ಬಡವರಿಗೆ ಕೈಗೆಟುಕುವುದು ದಾನದ ಚರ್ಮವೇ.

ಮಂಡ್ಯದ_ಮಗಳು

ನಾನು ಹೇಳಬಹುದಾದ್ದು ಒಂದೇ. ಅಪ್ಪ ತೀರಿಕೊಂಡಾಗ ನಾವು ಚರ್ಮದಾನ ಮಾಡಿದೆವು. ದೊಡ್ಡಪ್ಪ ಮೊದಲು ಒಪ್ಪಲಿಲ್ಲ. ಹೆಣ ವಿಕಾರವಾಗುತ್ತದೆ, ಚರ್ಮ ಇಲ್ಲದೆ ಸಂಸ್ಕಾರ ಹೇಗೆ ಮಾಡುವುದು ಅಂದರು. ಬಂದವರು ಸಮಾಧಾನವಾಗಿ ಕೂತು ವಿವರಿಸಿದರು. ತೊಡೆ, ಕಾಲು, ಬೆನ್ನಿನಿಂದ ಮಾತ್ರ, ಅದೂ ಮೇಲಿನ ತೆಳು ಪದರ. ಮುಖ, ಕೈ ಮುಟ್ಟುವುದಿಲ್ಲ. ಒಂದು ಗಂಟೆಯೂ ಹಿಡಿಯಲಿಲ್ಲ. ರಕ್ತ ಸುರಿಯಲಿಲ್ಲ. ಬ್ಯಾಂಡೇಜು ಸುತ್ತಿ ಕೊಟ್ಟರು, ಪಂಚೆ ಉಡಿಸಿದ ಮೇಲೆ ಏನೂ ಕಾಣಲಿಲ್ಲ. ಎಲ್ಲ ಕಾರ್ಯ ಪದ್ಧತಿ ಪ್ರಕಾರವೇ ನಡೆಯಿತು. ಸಿಸ್ಟರ್ ಬರೆದದ್ದು ಓದಿದ ಮೇಲೆ ಅಪ್ಪನ ಚರ್ಮ ಏನು ಕೆಲಸ ಮಾಡಿರಬಹುದು ಅಂತ ಈಗ ಸರಿಯಾಗಿ ಗೊತ್ತಾಯಿತು. ದೊಡ್ಡಪ್ಪನಿಗೂ ಕಳಿಸುತ್ತೇನೆ.

ವಾರ್ಡ್_ಸಿಸ್ಟರ್

ನಿಮ್ಮ ಮನೆಯವರಿಗೆಲ್ಲ ಕೈ ಮುಗಿಯುತ್ತೇನಮ್ಮಾ.

ಉಳಿದವರಿಗೆ: ಸಾವಿನ ನಂತರ ಆರು ಗಂಟೆಯೊಳಗೆ ಆಗಬೇಕು. ಕಣ್ಣಿನ ದಾನದ ಜೊತೆಗೇ ಮಾಡಬಹುದು. 18 ವರ್ಷ ದಾಟಿದವರು ಯಾರಾದರೂ ಸರಿ, ತುಂಬ ವಯಸ್ಸಾದವರೂ ಆಗಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ, ಚರ್ಮದ ಕ್ಯಾನ್ಸರ್, ಮೈತುಂಬ ಸೋಂಕು ಇದ್ದರೆ ತೆಗೆದುಕೊಳ್ಳುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆ ಅಡ್ಡಿ ಅಲ್ಲ. ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ 2000ದಿಂದ ಚರ್ಮ ಬ್ಯಾಂಕ್ ಇದೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ. ತೀರಿಕೊಂಡವರು ಮೊದಲೇ ಬರೆದುಕೊಟ್ಟಿರದಿದ್ದರೂ ಮನೆಯವರು ಒಪ್ಪಿದರೆ ಸಾಕು.

ತುಂಗಾತೀರ

ಎಲ್ಲರಿಗೂ ಮತ್ತೆ ನಮಸ್ಕಾರ. ತಮ್ಮನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಸಿಸ್ಟರ್ ಹೇಳಿದ ಹಾಗೆ ಗುಲಾಬಿ ಬಣ್ಣ ಇತ್ತು, ಒಂದು ಮೂಲೆ ಬಿಟ್ಟು ಉಳಿದದ್ದೆಲ್ಲ ಹಿಡಿದಿದೆ ಅಂದರು. ಎಡ ತೊಡೆ ಹೆಚ್ಚುಕಮ್ಮಿ ಮುಚ್ಚಿದೆ. ಬಲ ತೊಡೆ ಈಗ ಪರವಾಗಿಲ್ಲ. ಅಮ್ಮನ ಮುಖದಲ್ಲಿ ನಗು ಕಂಡೆ. ಮುಂದೆ ಏನೇನು ನೋಡಿಕೊಳ್ಳಬೇಕು ಸಿಸ್ಟರ್? ಹೋಟೆಲ್ ಕೆಲಸಕ್ಕೆ ಯಾವಾಗ ಹೋಗಬಹುದು ಅಂತ ಅವನಿಗೆ ಈಗಲೇ ಆತುರ.

ವಾರ್ಡ್_ಸಿಸ್ಟರ್

ತುಂಬ ಸಂತೋಷ ತಂಗಿ. ಈಗಿನಿಂದ ಆರು ತಿಂಗಳು, ಒಂದು ವರ್ಷ ಅವನ ಕೈಯಲ್ಲೇ ಇದೆ ಎಲ್ಲ. ಗಾಯದೊಳಗೆ ಎಳೆಯುವ ಶಕ್ತಿ ಇರುವ ಜೀವಕೋಶಗಳು ಬಂದು ಅಂಚುಗಳನ್ನು ಹತ್ತಿರ ಎಳೆಯುತ್ತವೆ. ಗಾಯ ಮುಚ್ಚಲು ಅದು ಒಳ್ಳೇದು, ಆದರೆ ಮುಚ್ಚಿದ ಮೇಲೂ ಎಳೆಯುತ್ತಲೇ ಇರುತ್ತವೆ. ಮಣಿಕಟ್ಟಿನ ಹತ್ತಿರ ಆದರೆ ಕೈ ಒಳಗೆ ಮಡಚಿಕೊಂಡು ನಿಂತುಬಿಡುತ್ತದೆ. ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ದಿನಕ್ಕೆ ಹಲವು ಸಲ ಮಾಡಲೇಬೇಕು, ನೋವು ಅಂತ ಬಿಡಬಾರದು. ರಾತ್ರಿ ಸ್ಪ್ಲಿಂಟ್, ಅಂದರೆ ಕೈ ಮಡಚದಂತೆ ಹಿಡಿದಿಡುವ ಗಟ್ಟಿ ಪಟ್ಟಿ, ಕಟ್ಟಿಕೊಳ್ಳಬೇಕು. ಒತ್ತುವ ಬಟ್ಟೆ ಬರೆದುಕೊಟ್ಟರೆ ಸ್ನಾನದ ಹೊತ್ತು ಬಿಟ್ಟು ಇಡೀ ದಿನ ಹಾಕಿಕೊಳ್ಳಬೇಕು, ಬೇಸಿಗೆಯಲ್ಲಿ ಕಷ್ಟ, ಗೊತ್ತು, ಆದರೂ ಹಾಕಲಿ.

ಕಸಿ ಮಾಡಿದ ಚರ್ಮದಲ್ಲಿ ಬೆವರು ಗ್ರಂಥಿ, ಎಣ್ಣೆ ಗ್ರಂಥಿ ಇರುವುದಿಲ್ಲ, ಅವೆಲ್ಲ ಬಲ ತೊಡೆಯಲ್ಲೇ ಉಳಿದವು. ಆದ್ದರಿಂದ ಒಣಗಿ ಬಿರಿಯುತ್ತದೆ, ನವೆ ಜಾಸ್ತಿ. ಗಾಯ ಪೂರ್ತಿ ಮುಚ್ಚಿದ ಮೇಲೆ ದಿನಕ್ಕೆ ಎರಡು ಮೂರು ಸಲ ಕೊಬ್ಬರಿ ಎಣ್ಣೆ ಹಚ್ಚಿ ಮೃದುವಾಗಿ ಉಜ್ಜಲಿ. ಬಿಸಿಲಿಗೆ ತೋರಿಸಿದರೆ ಕಪ್ಪಾಗುತ್ತದೆ, ತುಂಬುತೋಳಿನ ಹತ್ತಿ ಅಂಗಿ ಇರಲಿ.

ಕೆಲಸಕ್ಕೆ ಯಾವಾಗ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಹೋದ ಮೇಲೆ ಒಂದು ಎಚ್ಚರ ಬೇಕು. ಕಸಿ ಮಾಡಿದ ಜಾಗಕ್ಕೆ ನರಗಳು ನಿಧಾನವಾಗಿ ಬೆಳೆದು ಬರುತ್ತವೆ, ಸ್ಪರ್ಶ ಮೊದಲಿನಷ್ಟು ಆಗುವುದಿಲ್ಲ, ಬಿಸಿ ಗೊತ್ತಾಗುವುದು ತಡ. ಒಲೆಯ ಮುಂದೆ ನಿಂತಾಗ ಆ ಮುಂಗೈ ಬಾಣಲೆಯ ಅಂಚಿಗೆ ತಾಗಿದರೂ ಅವನಿಗೆ ತಿಳಿಯದೇ ಇರಬಹುದು. ಕೆಲಸಕ್ಕೆ ಮರಳಿದ ಶುರುವಿನಲ್ಲಿ ಕರಿಯುವ ಕೆಲಸ ಬೇಡ, ಬೇರೇನಾದರೂ ಕೊಡಿ ಅಂತ ಮಾಲೀಕರನ್ನು ಈಗಲೇ ಕೇಳಿಡಿ.